ಕಚ್ಚಾ ಹೊಲಿಗೆಯ ಕೈಗವಸು

ನಮ್ಮ ಊರಿನಲ್ಲಿ ತಪ್ಪು ಮಾಡಿದವರ ಅಂಗೈ ಕಪ್ಪಾಗುತ್ತಿತ್ತು. ಹಾಲಿಗೆ ನೀರು ಬೆರೆಸಿದ ಗೌಳಿಗನಿಗೆ ಸಂಜೆಯೊಳಗೆ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಕಲೆ ಬೀಳುತ್ತಿತ್ತು. ಅತ್ತೆಯ ಮೇಲೆ ಚಾಡಿ ಹೇಳಿದ ಸೊಸೆಗೂ ಬೀಳುತ್ತಿತ್ತು, ಸೊಸೆಯ ತಟ್ಟೆಗೆ ತುಪ್ಪ ಕಡಿಮೆ ಬಡಿಸಿದ ಅತ್ತೆಗೂ ಬೀಳುತ್ತಿತ್ತು. ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮನೆಗೆ ಹೋಗಿ, ಎರಡೂ ಕೈ ಚಾಚಿ, "ತಪ್ಪಾತು" ಅಂದು, ಕೆಡಿಸಿದ್ದನ್ನು ಸರಿಮಾಡಿಕೊಟ್ಟರೆ ಮರುದಿನಕ್ಕೆ ಕಲೆ ಹೋಗುತ್ತಿತ್ತು. ಅಷ್ಟೇ. ಬೇರೆ ಊರಿನವರು ಬಂದು ಬೆರಗಾಗಿ ಕಣ್ಣು ಬಿಟ್ಟರೆ ನಮಗೆ ನಗು ಬರುತ್ತಿತ್ತು. ಎದುರಾದವರಿಗೆ ನಾವು ಕೈ ಮುಗಿಯುತ್ತಿರಲಿಲ್ಲ, ಅಂಗೈ ತೋರಿಸುತ್ತಿದ್ದೆವು. ಹೆಣ್ಣು ನೋಡಲು ಬಂದವರು ಮೂಗು ಕಣ್ಣು ನೋಡುವ ಮೊದಲು ಕೈ ನೋಡುತ್ತಿದ್ದರು, ಗಂಡಿನದನ್ನು ನಾವು ನೋಡುತ್ತಿದ್ದೆವು. ಕೋರ್ಟು ಅಂತ ಒಂದು ಇತ್ತು, ಆದರೆ ಅಲ್ಲಿನ ಗುಮಾಸ್ತ ದಿನವೆಲ್ಲ ನೊಣ ಹೊಡೆಯುತ್ತ ಕೂತಿರುತ್ತಿದ್ದ.

ನಾನು ಸೇವಂತೆವ್ವ, ಸಿಂಪಿಗರ ಮನೆಯವಳು. ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಯಂತ್ರದ ಮುಂದೆ ಕೂತವಳು ವರ್ಷಗಟ್ಟಲೆ ಮೇಲೇಳಲಿಲ್ಲ. ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಜೋರು ಬಾಯಿ ಬೇಡದ ಹೊತ್ತಿನಲ್ಲಿ ಎದ್ದು, ಬೇಕಾದ ಹೊತ್ತಿನಲ್ಲಿ ಬಿದ್ದುಹೋಯಿತು. ಹೇಳಲು ಕೂತದ್ದೇ ಅದನ್ನು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಸೂಲಗಿತ್ತಿ ಫಕೀರವ್ವ ಇದ್ದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ನಾನೂ ಹಾಗೇ, ನನ್ನ ತಮ್ಮ ಪರಸಪ್ಪನೂ ಹಾಗೇ. ತಾಯಿ ಸತ್ತ ಮೇಲೆ ನಮ್ಮಿಬ್ಬರಿಗೆ ಉಣ್ಣಲಿಕ್ಕಿದವಳೂ ಅವಳೇ, ನಾವು ಅವಳನ್ನು ಆಯಿ ಅಂತಲೇ ಕರೆಯುತ್ತಿದ್ದೆವು. ಕೂಸು ಹುಟ್ಟಿದ ಕೂಡಲೇ ಹೊಕ್ಕಳು ಕೊಯ್ದು, ಒರೆಸಿ, ಬಾಗಿಲಿಗೆ ತಂದು ಅದರ ಪುಟ್ಟ ಮುಷ್ಟಿ ಬಿಡಿಸಿ ಓಣಿಯವರಿಗೆಲ್ಲ ತೋರಿಸುವುದು ಅವಳ ಪದ್ಧತಿ. "ನೋಡ್ರವಾ, ಬೆಳ್ಳಗ ಐತಿ!" ಅಂತ ಅವಳು ಕೂಗಿದ ಮೇಲೆಯೇ ಕೂಸು ಊರಿಗೆ ಸೇರಿದಂತೆ. ಅವಳ ಅಂಗೈಗಳೂ ಹಾಗೇ ಇದ್ದವು. ಎರಡು ಮನೆಗಳ ಜಗಳ ಹರಿಯದಿದ್ದರೆ ಇಬ್ಬರೂ ಅವಳ ಮುಂದೆ ಕೈ ಚಾಚುತ್ತಿದ್ದರು, ಅವಳು ನೋಡಿ ಹೇಳಿದ್ದೇ ತೀರ್ಪು.

ಆಮೇಲೆ ದೊಡ್ಡ ಯುದ್ಧ ಬಂತು. ಯಾರು ಯಾರ ಮೇಲೆ ಏಕೆ ಏರಿಹೋದರು ಎಂಬುದು ನನಗೆ ಇವತ್ತಿಗೂ ತಿಳಿಯದು. ನಮ್ಮ ಗಂಡಸರನ್ನು ರೈಲಿಗೆ ತುಂಬಿ ಒಯ್ದರು, ನಾಲ್ಕು ವರ್ಷ ಬಿಟ್ಟು ಉಳಿದವರನ್ನು ತಂದು ಇಳಿಸಿದರು. ಸೋತು ಬಂದಿದ್ದರು. ಸ್ಟೇಷನ್ನಿನಲ್ಲಿ ಪರಸಪ್ಪ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. "ಕೈ ತೋರ್ಸೋ ತಮ್ಮಾ" ಅಂದೆ, ಎಲ್ಲರಿಗೂ ಅನ್ನುವ ಹಾಗೆ. ಅವನು ಅಳತೊಡಗಿದ. ನಾನೇ ಹಿಡಿದೆಳೆದು ನೋಡಿದೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ರೊಟ್ಟಿ ಹಂಚಿನ ತಳದಷ್ಟು ಕಪ್ಪು! ಅಂಥ ಕಪ್ಪನ್ನು ನಮ್ಮ ಊರು ಕಂಡಿರಲಿಲ್ಲ.

ಗಡಿಯಾಚೆಯ ಒಂದು ಹಳ್ಳಿಯಲ್ಲಿ ಮನೆಯ ಕದಕ್ಕೆ ಹೊರಗಿನಿಂದ ಅಗಳಿ ಹಾಕಿ ಬೆಂಕಿ ಇಡು ಅಂದರಂತೆ, ಇಟ್ಟನಂತೆ. ಒಳಗೆ ಜನ ಇದ್ದರಂತೆ. "ತಪ್ಪಾತು ಅನ್ನಾಕ ಅಲ್ಲಿ ಯಾರ್ ಅದಾರ ಅಕ್ಕಾ?" ಅಂದ. "ಒಂದ್ ಕೋಳಿ ಸೈತ ಉಳದಿಲ್ಲ. ಈ ಕೈ ಯಾರ ಮುಂದ ಚಾಚಲಿ?"

ಹಾಗೆ ಕಪ್ಪು ಕೈ ಹೊತ್ತು ಬಂದವರು ಊರಿನಲ್ಲಿ ಇನ್ನೂ ಎಷ್ಟೋ ಜನ ಇದ್ದರು. ಚಹಾದಂಗಡಿಯವನು ಅಂಥವರಿಗೆ ಲೋಟ ಕೊಡಲಿಲ್ಲ. ಬಾವಿಯಲ್ಲಿ ಹಗ್ಗ ಮುಟ್ಟಿಸಲಿಲ್ಲ. ಗೊತ್ತಾಗಿದ್ದ ಮದುವೆಗಳು ಮುರಿದವು. ಪರಸಪ್ಪ ಹಿತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ, ನಾನು ತುತ್ತು ಮಾಡಿ ಬಾಯಿಗಿಟ್ಟರೆ ಮಾತ್ರ ತಿನ್ನುತ್ತಿದ್ದ. ಕರುಳು ಕೇಳುತ್ತದೆಯೇ? ಅವನ ಸೈನ್ಯದ ಕೋಟು ಹರಿದಿತ್ತು. ಅದರ ತೋಳು ಬಿಚ್ಚಿ ಒಂದು ಜೊತೆ ಕೈಗವಸು ಹೊಲಿದು ತೊಡಿಸಿದೆ. ನಮ್ಮ ಊರಿನ ಮೊಟ್ಟಮೊದಲ ಕೈಗವಸು ಅದು. ಅದಕ್ಕೂ ಮೊದಲು ಕೈ ಮುಚ್ಚುವ ಯೋಚನೆ ಯಾರಿಗೂ ಬಂದಿರಲಿಲ್ಲ, ಚಳಿಯಲ್ಲಿಯೂ. ಫಕೀರವ್ವ ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಹೊಲದಿ, ಚಲೋ ಆತು. ಹುಡುಗ ಹೊರಗರ ಬರ್ಲಿ," ಅಂದಳು. "ಆದ್ರ ಮನ್ಯಾಗ ತಗೀಬೇಕವಾ. ದಿನಕ್ಕ ಒಂದ್ಸಲಾನರ ತನ್ನ ಕೈ ತಾ ನೋಡ್ಕೋಬೇಕು."

ಆಗಲಿ ಅಂದೆ. ಪರಸಪ್ಪ ಅವತ್ತು ನಾಲ್ಕು ತಿಂಗಳ ಮೇಲೆ ಬೀದಿಗೆ ಹೋಗಿ ಚಹಾ ಕುಡಿದು ಬಂದ. ಮರುದಿನ ಅಂಥವರೇ ಮೂವರು ನನ್ನ ಹೊಸ್ತಿಲ ಮುಂದೆ ನಿಂತಿದ್ದರು. ವಾರದೊಳಗೆ ರಾಚಪ್ಪ ಬಂದ.

ರಾಚಪ್ಪ ಯುದ್ಧದಲ್ಲಿ ಉಗ್ರಾಣದ ಹವಾಲ್ದಾರನಾಗಿದ್ದವನು. ಬಂದೂಕು ಮುಟ್ಟಿದವನಲ್ಲ, ಸೈನಿಕರ ಕಂಬಳಿ ಮಾರಿಕೊಂಡು ಹುಡುಗರನ್ನು ಹಿಮದಲ್ಲಿ ಸಾಯಿಸಿದ ಅಂತ ಕೆಲವರು ಪಿಸುಗುಡುತ್ತಿದ್ದರು. ನೋಡಲು ಏನೂ ವಿಶೇಷವಿಲ್ಲದ, ಸಣ್ಣ ತಲೆಯ ಗಂಡಸು. ಕೈ ಎರಡೂ ಕೋಟಿನ ಜೇಬಿನಲ್ಲಿದ್ದವು. ಎಲ್ಲಿಂದಲೋ ತಂದ ಹಳೇ ಚರ್ಮದ ಕೈಗವಸೊಂದನ್ನು ಮೊಣಕೈಯಿಂದ ನನ್ನ ಕಡೆ ತಳ್ಳಿ, "ನನಗ ಈ ಅಳತಿಗೆ ಹೊಲಿ. ಹುಡುಗೂರಿಗೆ ನಲವತ್ತು ಜೊತಿ ಬ್ಯಾರೆ," ಅಂದ. ಆಮೇಲೆ ಒಳಗೆ ಕೂತಿದ್ದ ನನ್ನ ತಮ್ಮನನ್ನು ನೋಡಿ ಮೆತ್ತಗೆ, "ಪರಸಪ್ಪಾ, ತಪ್ಪು ನಿಂದಲ್ಲೋ," ಅಂದ. ನನ್ನ ತಮ್ಮ ಅವನ ಕಾಲು ಹಿಡಿದುಕೊಂಡುಬಿಟ್ಟ. ನನಗೂ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಎಷ್ಟು ದಿನದಿಂದ ಯಾರಾದರೂ ಆ ಮಾತು ಹೇಳಲಿ ಅಂತ ಕಾಯುತ್ತಿದ್ದೆವೋ.

ತಪ್ಪು ನಿಮ್ಮದಲ್ಲ. ಅವನ ಬಾಯಲ್ಲಿ ಇದ್ದದ್ದು ಅದೊಂದೇ ಮಾತು. ಅದನ್ನೇ ಅವನು ಸಂತೆಕಟ್ಟೆಯ ಮೇಲೆ ನಿಂತು ಹೇಳಿದ, ಮುಚ್ಚಿದ ಗಿರಣಿಯ ಗೇಟಿನಲ್ಲಿ ಹೇಳಿದ, ಜೋಳಕ್ಕಾಗಿ ಸಾಲು ನಿಂತವರಿಗೆ ಹೇಳಿದ. ಯುದ್ಧ ಸೋತದ್ದು ನಿಮ್ಮ ತಪ್ಪಲ್ಲ, ಹಸಿವು ನಿಮ್ಮ ತಪ್ಪಲ್ಲ. ತಪ್ಪು ಅನ್ನುತ್ತಾರಲ್ಲ, ಕೈ ತೋರಿಸು ಅನ್ನುತ್ತಾರಲ್ಲ, ತಪ್ಪು ಅವರದು. ಮಾತು ಮುಗಿಸುವಾಗ ಬಲಗೈ ಮುಷ್ಟಿ ಕಟ್ಟಿ ಮೇಲೆತ್ತಿ, ಕೈಗವಸಿನ ಐದೂ ಬೆರಳು ಫಕ್ಕನೆ ಬಿಚ್ಚುತ್ತಿದ್ದ. "ನನ್ನ ಕೈ ಬೆಳ್ಳಗ ಐತಿ! ನಿಮ್ಮ ಸಲುವಾಗಿ ಮುಚ್ಚೀನಿ!" ಅನ್ನುತ್ತಿದ್ದ. ಜನ ಹುಚ್ಚೆದ್ದು ಕೂಗುತ್ತಿದ್ದರು. ಅಂಥವರು ಆಗ ಎಲ್ಲ ಕಡೆ ಎದ್ದಿದ್ದರಂತೆ. ಗುಡ್ಡದಾಚೆಯ ಪಟ್ಟಣದಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ ತೊಡಿಸಿದವನೊಬ್ಬ, ಸಮುದ್ರದ ಕಡೆ ರೇಡಿಯೋದಲ್ಲಿ ಕೂಗುವವನೊಬ್ಬ. ಪತ್ರಿಕೆಯಲ್ಲಿ ಓದಿ ನಾವು, ಅಯ್ಯೋ ಪಾಪ ಅಲ್ಲಿನ ಜನ ಅನ್ನುತ್ತಿದ್ದೆವು.

ಕೈಗವಸಿನ ಹುಡುಗರು ಮೊದಲು ಚರಂಡಿ ತೋಡಿದರು, ಮುದುಕಿಯರ ಮನೆಗೆ ನೀರು ಹೊತ್ತರು. ಆಮೇಲೆ ಲೋಟ ಕೊಡದ ಚಹಾದಂಗಡಿಯವನ ಹಲ್ಲು ಉದುರಿಸಿದರು. ಊರಿನ ಹಿರಿಯರು ಏಳು ಜನ ಸಭೆ ಸೇರಿದರು. ಅವರಲ್ಲಿ ದೊಡ್ಡವರಾದ ದೇಸಾಯರು, "ರಾಚಪ್ಪನ್ನ ಒಂದ್ ಆರ್ ತಿಂಗಳ ಊರ ಕುರ್ಚಿ ಮ್ಯಾಲ ಕುಂಡ್ರಸ್ರಿ. ಹುಮ್ಮಸ ತಾನಾ ಇಳೀತೈತಿ," ಅಂದರಂತೆ. ಕೂರಿಸಿದರು. ಫೋಟೋ ತೆಗೆಸಿಕೊಳ್ಳುವಾಗ ಏಳೂ ಹಿರಿಯರು ಅವನ ಸುತ್ತ ಕೈಗವಸು ಹಾಕಿಕೊಂಡು ಕೂತರು. ಹೊಲಿದುಕೊಟ್ಟವಳು ನಾನೇ. ಆರು ತಿಂಗಳು ತುಂಬುವುದರೊಳಗೆ ಆ ಏಳರಲ್ಲಿ ಒಬ್ಬರೂ ಊರಿನಲ್ಲಿ ಇರಲಿಲ್ಲ, ರಾಚಪ್ಪನ ಹೆಸರು ಹಿಡಿದು ಕರೆಯುವ ಹಾಗೂ ಇರಲಿಲ್ಲ. ಎಲ್ಲರೂ ಅವನನ್ನು "ನಮ್ಮವರು" ಅನ್ನಬೇಕಾಯಿತು. ನಮ್ಮವರು ಹೇಳ್ಯಾರ, ನಮ್ಮವರು ಬರ್ತಾರ, ನಮ್ಮವರಿಗೆ ಸಿಟ್ಟು ಬಂದೈತಿ.

ಬರಿಗೈಯಲ್ಲಿ ಬೀದಿಗೆ ಬರುವುದು ಸೈನಿಕರಿಗೆ ಮಾಡುವ ಅವಮಾನ ಅಂತ ಕಾಯಿದೆ ಬಂತು. ಊರಿಗೆ ಊರೇ ಕೈ ಮುಚ್ಚಿಕೊಂಡಿತು. ನನ್ನ ಪಡಸಾಲೆಯಲ್ಲಿ ಹನ್ನೆರಡು ಯಂತ್ರ ಬಂದು ಕೂತವು. ಜನ ಕಷ್ಟಪಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೊಂದಿಕೊಂಡರು, ಎಷ್ಟು ಬೇಗ! ಪರದೆ ಎಳೆದುಕೊಂಡು ಉಣ್ಣುವುದು ರೂಢಿಯಾಯಿತು. ಗಂಡ ಹೆಂಡತಿ ಕೈಗವಸು ಹಾಕಿಕೊಂಡೇ ಮಲಗಿದರು. ಗೌಳಿಗ ನಿಶ್ಚಿಂತೆಯಿಂದ ನೀರು ಬೆರೆಸಿದ, ನಾವು ನಿಶ್ಚಿಂತೆಯಿಂದ ಅವನ ಬೆನ್ನ ಹಿಂದೆ ಬಯ್ದೆವು. ಸ್ನಾನ ಮಾಡುವಾಗ ಕಣ್ಣು ಮುಚ್ಚಿಕೊಂಡು ಕೈ ತೊಳೆದುಕೊಳ್ಳುವುದನ್ನು ನಾನೇ ಕಲಿತೆ. ಮೂರು ವರ್ಷ ಹೀಗೇ ಹೋಯಿತು, ಬೆನ್ನ ಮೇಲಿನ ಹೊರೆ ಯಾರೋ ಇಳಿಸಿಕೊಂಡ ಹಾಗೆ ಹಾಯೆನಿಸುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಕೈಗವಸು ಹಾಕಲು ಆಗದವರು ಕುಂಬಾರ ಓಣಿಯವರು ಮಾತ್ರ. ಮಣ್ಣಿಗೆ ಬರಿಗೈ ಬೇಕು. ಅವರು ನಮ್ಮವರ ಮುಂದೆ ಹೋಗಿ ಹಾಗಂತ ಬೇಡಿಕೊಂಡರು. ಮಡಿಕೆ ಮಾಡುವವರ ಸೊಕ್ಕು ನೋಡಿ ಅಂತ ಸಂತೆಕಟ್ಟೆಯ ಮೇಲೆ ಒಂದು ತಿಂಗಳು ಭಾಷಣವಾಯಿತು. ಒಂದು ದಿನ ಮಟಮಟ ಮಧ್ಯಾಹ್ನ ಓಣಿಯ ಬಾಯಿಗೆ ಗಾಡಿಗಳು ಬಂದು ನಿಂತವು. ಮುದುಕರು, ಕೂಸುಗಳು, ತಿಗರಿ ತಿರುಗಿಸುತ್ತಿದ್ದವರು ತಿರುಗಿಸುತ್ತಿದ್ದ ಹಾಗೇ, ಎಲ್ಲರನ್ನೂ ಹತ್ತಿಸಿದರು. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಯಂತ್ರದ ಮೇಲಿನ ಕಾಲು ನಾನು ನಿಲ್ಲಿಸಲಿಲ್ಲ. ಗುಡ್ಡದ ಹಿಂದಕ್ಕೆ ಹೋದ ಗಾಡಿಗಳು ಸಂಜೆಗೆ ಖಾಲಿಯಾಗಿ ಬಂದವು. ಗಾಡಿ ಹೊಡೆದುಕೊಂಡು ಬಂದವರಲ್ಲಿ ಗೌಳಿಗನೂ ಇದ್ದ.

ಮರುದಿನ ಬೆಳಗ್ಗೆ ಫಕೀರವ್ವ ತನ್ನ ಮನೆಯ ಕಟ್ಟೆಯ ಮೇಲೆ ಎರಡೂ ಕೈ ಚಾಚಿಕೊಂಡು ಕೂತಿದ್ದಳು. ಅವಳಿಗೆ ಇದುವರೆಗೆ ಕೈಗವಸಿನ ಕಾಯಿದೆಯನ್ನು ಯಾರೂ ಹಚ್ಚಿರಲಿಲ್ಲ, ಹುಡುಗರ ಹೆಂಡಂದಿರೂ ಹಡೆಯಬೇಕಲ್ಲ. ಹತ್ತಿರ ಹೋಗಿ ನೋಡಿದೆ. ಆಯಿಯ ಅಂಗೈಗಳು ಕಪ್ಪಾಗಿದ್ದವು. ನನ್ನ ತಮ್ಮನದರಷ್ಟೇ ಕಪ್ಪು.

"ಏನ್ ಮಾಡ್ದಿ ಆಯಿ?"

"ಏನೂ ಮಾಡಲಿಲ್ಲವಾ. ಅದs ನನ್ನ ತಪ್ಪು," ಅಂದಳು. "ಕುಂಬಾರ ಮನಿಯಾಗ ಒಬ್ಬಾಕಿಗೆ ಬ್ಯಾನಿ ಹತ್ತಿತ್ತು, ಕರೀಲಿಕ್ಕೆ ಬಂದಿದ್ರು. ಹೋದೆ. ಓಣಿ ಬಾಯಾಗ ನಿಮ್ಮ ಹುಡುಗೂರು, ಮನೀಗೆ ನಡಿ ಮುದುಕಿ ಅಂದ್ರು. ಆ ಬಸುರಿನ್ನ ಗಾಡ್ಯಾಗ ಎತ್ತಿ ಹಾಕೂದ ಕಂಡೆ. ಆಕಿ ನನ್ನ ನೋಡಿ ಆಯೀ ಅಂತ ಒದರಿದ್ಲು. ನಾ ಹೊಳ್ಳಿ ಬಂದೆ."

ಅವಳು ಅದನ್ನು ಮುಚ್ಚಿಡಲಿಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ಕೈ ತೋರಿಸಿ ಅದೇ ಮಾತು ಹೇಳುತ್ತಿದ್ದಳು. "ನೋಡ್ರಿ, ನಂದು ಹಿಂಗಾಗೇತಿ. ನಿಮ್ಮವೂ ಬಿಚ್ಚಿ ನೋಡ್ಕೋರಿ." ಜನ ಬೇರೆ ಓಣಿಯಿಂದ ಸುತ್ತಿಕೊಂಡು ಹೋಗತೊಡಗಿದರು. ಎರಡು ತಿಂಗಳಾದ ಮೇಲೆ ಒಂದು ಮನೆಯಲ್ಲಿ ಹೆರಿಗೆ ಮಾಡಿಸಿ ಬಾಗಿಲಿಗೆ ಬಂದವಳು, ಕೂಸಿನ ಬೆಳ್ಳಗಿನ ಕೈಯನ್ನು ತನ್ನ ಕಪ್ಪು ಕೈಯ ಮೇಲಿಟ್ಟು ಎತ್ತಿ ತೋರಿಸಿದಳು. "ನೋಡ್ರವಾ, ಇದು ಬೆಳ್ಳಗ ಐತಿ, ನಂದು ಕರ್ರಗ ಐತಿ!" ಅಂದಳು. ಓಣಿಯ ಹೆಂಗಸರು ಗೊಳೋ ಅಂತ ಅತ್ತರು. ಅವತ್ತು ಸಂಜೆಯೊಳಗೆ ಅವಳನ್ನು ಹಿಡಿದು ಚಾವಡಿಗೆ ಹಾಕಿದರು. ಹಿಡಿದು ಒಯ್ದವನು ಪರಸಪ್ಪ.

ಅವನು ಆಗ ಹುಡುಗರ ಮುಂದಾಳಾಗಿದ್ದ. ಮನೆಗೆ ಬಂದ ಕೂಡಲೇ ಅವನ ಕೋಟಿನ ಕಾಲರು ಹಿಡಿದೆ. "ನಿನ್ನ ಹೊಕ್ಕಳ ಕೊಯ್ದಾಕಿ ಅಲ್ಲೇನೋ! ತಾಯಿ ಸತ್ತಾಗ ತುತ್ತು ತಿನ್ಸಿದಾಕಿ!" ಅವನು ಗೋಡೆ ನೋಡುತ್ತ ಹೇಳಿದ. "ಬರೂ ಸೋಮವಾರ ಮೈದಾನದಾಗ ನಮ್ಮವರs ಆಕಿಗೆ ಕೈಗವಸ ಹಾಕ್ತಾರ. ಹಾಕ್ಕೊಂಡ್ರ ಮನೀಗೆ ಬಿಡ್ತಾರ. ಇಲ್ಲಂದ್ರ..." "ಇಲ್ಲಂದ್ರ ಏನೋ?" "ಕೈ ಕಡೀತಾರ ಅಕ್ಕಾ. ಎರಡೂ." ಅಂದವನೇ ಹಿತ್ತಲ ಕೋಣೆಗೆ ಹೋಗಿ ಮತ್ತೆ ಗೋಡೆಗೆ ಮುಖ ಮಾಡಿ ಕೂತ.

ಸಾವಿರ ಕೂಸು ಎತ್ತಿದ ಕೈ! ಮರುದಿನವೇ ಅಪ್ಪಣೆ ಬಂತು, ಸೋಮವಾರಕ್ಕೆ ನಮ್ಮವರಿಗೆ ಹೊಸ ಬಿಳಿ ಕೈಗವಸು, ಫಕೀರವ್ವನಿಗೆ ಒಂದು ಜೊತೆ ಕರಿಯದು. ಅಳತೆ ತೆಗೆಯಲು ಚಾವಡಿಗೆ ಹೋದೆ. ಅವಳು ಕೈ ಕೊಟ್ಟಳು, ನಾನು ಟೇಪು ಹಿಡಿದೆ.

"ಹಾಕ್ಕೋ ಆಯಿ. ಒಂದ್ ದಿನದ ಮಾತು. ನಿನ್ನ ಕಾಲಿಗೆ ಬೀಳ್ತೀನಿ."

"ಅರಿವಿ ಸುತ್ಕೊಂಡು ಕೂಸು ಹೆಂಗ ಹಿಡೀಲೇ ಹುಚ್ಚೀ? ಜಾರಿ ಬೀಳ್ತೈತಿ," ಅಂದು ನಕ್ಕಳು. "ನೀ ಹೊಲಿ. ನಾ ಹಾಕ್ಕೊಳ್ಳೂದಿಲ್ಲ."

ಆಗ ನನಗೆ ಆ ಯೋಚನೆ ಬಂದದ್ದು. ಅವಳ ಕಿವಿಯಲ್ಲಿ ಹೇಳಿದೆ. ಅವನ ಕೈಯನ್ನು ಯಾರೂ ನೋಡಿಲ್ಲ, ಅಳತೆಗೂ ಅವನು ಹಳೇ ಕೈಗವಸನ್ನೇ ಕಳಿಸುತ್ತಾನೆ. ಬೆಳ್ಳಗಿದೆ ಅಂತ ಕೂಗುತ್ತಾನಲ್ಲ, ಬಲಗೈಯದಕ್ಕೆ ಕಚ್ಚಾ ಹೊಲಿಗೆ ಹಾಕುತ್ತೇನೆ. ಮುಷ್ಟಿ ಬಿಚ್ಚಿದ ಕೂಡಲೇ ಹರಿದು ಬೀಳುತ್ತದೆ. ಊರಿಗೆ ಊರೇ ಅವನ ಕಪ್ಪು ಕೈ ನೋಡುತ್ತದೆ. ಬೇರೆ ಯಾವುದನ್ನು ನಂಬದಿದ್ದರೂ ನಮ್ಮ ಜನ ಅಂಗೈ ನಂಬುತ್ತಾರೆ, ಅವತ್ತೇ ಅವನ ಕಥೆ ಮುಗಿಯಿತು. ಫಕೀರವ್ವ ತನ್ನ ಅಂಗೈ ನೋಡಿಕೊಂಡಳು.

"ಕೂಸಿನ ಕೈ ಯಾಕ ಬೆಳ್ಳಗ ಇರ್ತೈತಿ, ಹೇಳು," ಅಂದಳು.

"ತಪ್ಪು ಮಾಡಿರೂದಿಲ್ಲ, ಅದಕ್ಕ."

"ತಾಯಿನ್ನ ಕೊಂದು ಹುಟ್ಟಿದ ಕೂಸೂ ನಾ ಎತ್ತೀನವಾ. ಅದರದೂ ಬೆಳ್ಳಗs ಇತ್ತು. ಅದಕ್ಕೇನ್ ಗೊತ್ತು, ಪಾಪ." ಅಷ್ಟರಲ್ಲಿ ಕಾವಲಿನವನು ಬಾಗಿಲು ಬಡಿದ. ವಯಸ್ಸಾದವಳು, ಹೆದರಿ ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡು ನಾನು ಟೇಪು ಸುತ್ತಿಕೊಂಡು ಎದ್ದೆ. ಅಯ್ಯೋ, ಒಂದು ಗಳಿಗೆ ನಿಂತು ಕೇಳಬಾರದಿತ್ತೇ ನಾನು!

ಎಡಗೈಯದನ್ನು ಗಟ್ಟಿಯಾಗಿ ಹೊಲಿದೆ. ಬಲಗೈಯದಕ್ಕೆ ಗಂಡನ ಕಾಲದ ಪೆಟ್ಟಿಗೆಯಿಂದ ಹಳೇ ದಾರ ಹುಡುಕಿದೆ, ಎಳೆದರೆ ತುಂಡಾಗುವ ಮುಗ್ಗಲು ದಾರ. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮೇಲೆ ಇಸ್ತ್ರಿ ಎಳೆದು, ಹೊಲಿಗೆ ಕಾಣದ ಹಾಗೆ ಅಂಚಿಗೆ ಜರಿ ಹಚ್ಚಿದೆ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಹೊಲಿದಿರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಲಿದವಳು ಅಂತ ನನ್ನನ್ನು ವೇದಿಕೆಯ ಮುಂದೆಯೇ ನಿಲ್ಲಿಸಿದ್ದರು. ವೇದಿಕೆಯ ಮೇಲೆ ಒಂದು ಸ್ಟೂಲಿನಲ್ಲಿ ಫಕೀರವ್ವ, ಅವಳ ಹಿಂದೆ ನನ್ನ ತಮ್ಮ. ಪಕ್ಕದಲ್ಲಿ ಒಂದು ಮರದ ದಿಮ್ಮಿ, ಅದಕ್ಕೆ ಒರಗಿಸಿದ ಕಬ್ಬು ಕಡಿಯುವ ಮಚ್ಚು. ನಾನು ಅದನ್ನು ನೋಡದೆ ಬಿಳಿ ಕೈಗವಸನ್ನೇ ನೋಡುತ್ತಿದ್ದೆ. ಅವನು ಮಾತಾಡಿದ, ಮಾತಾಡಿದ. ಕೊನೆಗೆ ಮುಷ್ಟಿ ಕಟ್ಟಿ ಕೈ ಮೇಲೆತ್ತಿದ. "ನನ್ನ ಕೈ ಬೆಳ್ಳಗ ಐತಿ!" ಅಂದ. ಬೆರಳು ಬಿಚ್ಚಿದ.

ಪರ್ ಅಂತ ಸದ್ದಾಯಿತು. ಕೈಗವಸು ಹರಿದು, ಒಂದು ಕ್ಷಣ ಬೆರಳಿಗೆ ನೇತಾಡಿ, ಕೆಳಗೆ ಬಿತ್ತು. ಅವನು ಸರಕ್ಕನೆ ಕೈ ಎಳೆದುಕೊಂಡು ಕೋಟಿನೊಳಗೆ ಅಡಗಿಸಿದ. ಅವನ ಮುಖ ಬಿಳಿಚಿಕೊಂಡಿತು. ಆ ಮುಖವನ್ನು ನಾನು ನೋಡಿದ್ದೆ, ಸ್ಟೇಷನ್ನಿನಲ್ಲಿ ನನ್ನ ತಮ್ಮನದು ಹಾಗೇ ಇತ್ತು. ಸಿಕ್ಕಿಬಿದ್ದ ಕಳ್ಳ! ಆಗ, ಮೂರು ವರ್ಷದಿಂದ ಬಿದ್ದುಕೊಂಡಿದ್ದ ನನ್ನ ಬಾಯಿ ಎದ್ದಿತು.

"ಕೈ ತೋರಸ್ರಿ!" ಅಂತ ಕೂಗಿದೆ. "ನಮ್ಮವರೇ, ಕೈ ತೋರಸ್ರಿ!"

ನನ್ನ ಹಿಂದೆ ಇನ್ನೊಬ್ಬರು ಕೂಗಿದರು, ಅವರ ಹಿಂದೆ ಹತ್ತು ಜನ, ಆಮೇಲೆ ಮೈದಾನವೆಲ್ಲ. ಚಿಕ್ಕಂದಿನಿಂದ ನಾಲಗೆಯ ಮೇಲಿದ್ದ ಮಾತು ಅದು, ತಡೆಯುವುದು ಹೇಗೆ? ಅವನು ಆ ಕಡೆ ಈ ಕಡೆ ನೋಡಿದ. ತಲೆ ಬಗ್ಗಿಸಿ, ಕೋಟು ಸ್ವಲ್ಪವೇ ಸರಿಸಿ, ಒಳಗೆ ತನ್ನ ಕೈಯನ್ನು ತಾನೇ ಕದ್ದು ನೋಡಿಕೊಂಡ. ಇನ್ನೊಮ್ಮೆ ನೋಡಿಕೊಂಡ. ಬಾಯಿ ತೆರೆದುಕೊಂಡಿತು. ಅವನಿಗೂ ಗೊತ್ತಿರಲಿಲ್ಲ! ಎಷ್ಟೋ ವರ್ಷದಿಂದ ಆ ಗಂಡಸು ತನ್ನ ಕೈಯನ್ನು ತಾನೇ ನೋಡಿಕೊಳ್ಳಲು ಹೆದರಿದ್ದ. ಈಗ ಅವನ ಮುಖದಲ್ಲಿ ಮೆಲ್ಲಗೆ ಒಂದು ನಗು ಹುಟ್ಟಿತು, ದೊಡ್ಡದಾಯಿತು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕೈಯನ್ನು ಬಿಸಿಲಿಗೆ ಎತ್ತಿ ಹಿಡಿದ.

ಬೆಳ್ಳಗಿತ್ತು. ಒಂದು ಚುಕ್ಕೆಯಿರಲಿಲ್ಲ. ಆಗತಾನೇ ಹುಟ್ಟಿದ ಕೂಸಿನ ಅಂಗೈಯ ಹಾಗೆ, ತಿಳಿ ಕೆಂಪು ಗೆರೆಗಳೊಡನೆ ಬೆಳ್ಳಗಿತ್ತು. ಏಳು ಜನ ಹಿರಿಯರು, ಇಡೀ ಕುಂಬಾರ ಓಣಿ, ಗಾಡಿಯಲ್ಲಿ ಕೂಗಿದ ಆ ಬಸುರಿ, ಯಾರೊಬ್ಬರ ಗುರುತೂ ಆ ಕೈಯಲ್ಲಿ ಇರಲಿಲ್ಲ.

"ಬೆಳ್ಳಗ ಐತಿ!" ಅಂತ ಒಬ್ಬ ಮುದುಕಿ ಬಿಕ್ಕಿದಳು. "ನೋಡ್ರವಾ, ಬೆಳ್ಳಗ ಐತಿ!" ಅಂತ ಮೈದಾನವೆಲ್ಲ ಕೂಗಿತು. ಫಕೀರವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಅದೇ ಮಾತು, ಅದೇ ದನಿ. ಜನ ಅಳುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು. ಅವನು ಸ್ಟೂಲಿನ ಹತ್ತಿರ ಹೋಗಿ ಫಕೀರವ್ವನ ಮಣಿಕಟ್ಟು ಹಿಡಿದು ಎತ್ತಿದ. ತನ್ನ ಬಿಳಿ ಅಂಗೈಯ ಪಕ್ಕದಲ್ಲಿ ಅವಳ ಕಪ್ಪು ಅಂಗೈ ಇಟ್ಟು ತೋರಿಸಿದ. ನಮ್ಮ ಊರಿನವರಿಗೆ ಅಲ್ಲಿ ಹೇಳಬೇಕಾದದ್ದು ಏನಿತ್ತು? ಅಜ್ಜ ಮುತ್ತಜ್ಜನ ಕಾಲದಿಂದ ಅದೊಂದನ್ನೇ ನಂಬಿ ಬದುಕಿದವರು ನಾವು.

ಇನ್ನೊಂದು ಹೇಳಬೇಕು. ಹೇಳದಿದ್ದರೆ ಇಷ್ಟು ಹೇಳಿದ್ದೂ ಸುಳ್ಳಾಗುತ್ತದೆ. ಆ ಎರಡು ಕೈಗಳನ್ನು ಒಟ್ಟಿಗೆ ನೋಡಿದಾಗ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ನಾನೂ ನಂಬಿದೆ. ಹಾಗಾದರೆ ತಪ್ಪು ಇವಳದೇ ಇರಬೇಕು ಅಂದುಕೊಂಡೆ. ನನಗೆ ತುತ್ತು ತಿನ್ನಿಸಿದವಳ ಬಗ್ಗೆ ಹಾಗೆ ಅಂದುಕೊಂಡೆ. ಅದೇ ಗಳಿಗೆಗೆ ಅವಳು ಕೆಳಗೆ ನೋಡಿದಳು, ನನ್ನನ್ನೇ. ಬೈಗುಳವೇನೂ ಇರಲಿಲ್ಲ ಆ ನೋಟದಲ್ಲಿ. ಕೂಸಿನ ಮಾತು ಈಗ ತಿಳಿಯಿತೇನವ್ವಾ ಅಂತ ಕೇಳಿದ ಹಾಗಿತ್ತು.

"ಕಡೀರಿ!" ಅಂದದ್ದು ವೇದಿಕೆಯ ಮೇಲಿನವರಲ್ಲ. ಜನರ ನಡುವಿನಿಂದ ಗೌಳಿಗ ಅಂದ. ಅವನ ಮೂರು ಮಕ್ಕಳನ್ನು ಎತ್ತಿದವಳು ಫಕೀರವ್ವ. ಆಗ ಪರಸಪ್ಪ ಹಲ್ಲಿನಿಂದ ಕಚ್ಚಿ ತನ್ನ ಎರಡೂ ಕೈಗವಸು ಎಳೆದು ಬಿಸಾಡಿದ. ಆ ಹಂಚಿನ ತಳದಂಥ ಕೈಗಳನ್ನು ಎತ್ತಿ ಹಿಡಿದು ಅವಳ ಮುಂದೆ ಅಡ್ಡ ನಿಂತ. "ನಂದೂ ನೋಡ್ರಿ! ಆ ಗಾಡಿ ತುಂಬಿಸಿದಾವ ನಾನು! ಆಕಿ ಅಲ್ಲ, ನಾನು!" ಅಂತ ಒದರಿದ. ಜನ, ಇವನೂ ಕಪ್ಪು, ಇವನನ್ನೂ ಹಿಡಿಯಿರಿ ಅಂದರು. ನಾನು ಕೂಗಬೇಕಿತ್ತು. ಕೂಸಿನ ಕೈಯೂ ಬೆಳ್ಳಗೇ ಇರುತ್ತದೆ, ಗೊತ್ತಿಲ್ಲದವನ ಕೈ ಬೆಳ್ಳಗೇ ಇರುತ್ತದೆ ಅಂತ ಗಂಟಲು ಹರಿಯುವ ಹಾಗೆ ಕೂಗಬೇಕಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಬಗ್ಗಿ, ಹರಿದ ಕೈಗವಸನ್ನು ಹೆಕ್ಕಿ ಸೆರಗಿನಲ್ಲಿ ಮುಚ್ಚಿಕೊಂಡೆ, ನನ್ನ ಹೊಲಿಗೆ ಯಾರಾದರೂ ನೋಡಿಬಿಟ್ಟಾರೆಂದು. ಬಗ್ಗಿದ್ದಾಗಲೇ ಮಚ್ಚಿನ ಸದ್ದು ಎರಡು ಸಲ ಕೇಳಿಸಿತು.

ಫಕೀರವ್ವ ಮೂರನೆಯ ದಿನ ತೀರಿಹೋದಳು. ಪರಸಪ್ಪನನ್ನು ಗುಡ್ಡದ ಹಿಂದಕ್ಕೆ ಹೋಗುವ ಗಾಡಿಯಲ್ಲಿ ಹತ್ತಿಸಿದ್ದನ್ನು ಕಂಡವರಿದ್ದಾರೆ. ಮುಂದಿನ ಮಂಗಳವಾರ ಹೊಸ ಕಾಯಿದೆ ಬಂತು, ಇನ್ನು ಮೇಲೆ ಕೈಗವಸು ಬೇಡ, ಎಲ್ಲರೂ ಓಣಿ ಮೂಲೆಯಲ್ಲಿ ಅಂಗೈ ತೋರಿಸಬೇಕು, ಕಪ್ಪಿದ್ದವರು ಒಂದು ಕಡೆ ನಿಲ್ಲಬೇಕು. ಎಲ್ಲರದೂ ಕಪ್ಪಿರುತ್ತದೆ, ಯಾರು ಯಾರನ್ನು ಹಿಡಿಯುತ್ತಾರೆ ಅಂದುಕೊಂಡಿದ್ದೆ. ಕಿಟಕಿಯಿಂದ ನೋಡಿದರೆ ಮೂಲೆಯಲ್ಲಿ ಸಾಲು ಸಾಲಾಗಿ ಬೆಳ್ಳಗಿನ ಕೈಗಳು! ಗಾಡಿ ಹೊಡೆದ ಗೌಳಿಗನದು ಬೆಳ್ಳಗೆ. ಯುದ್ಧದಲ್ಲಿ ಪರಸಪ್ಪನ ಜೊತೆ ಕದಕ್ಕೆ ಅಗಳಿ ಹಾಕಿದವನದು ಬೆಳ್ಳಗೆ. ಮೂರು ವರ್ಷ ನೋಡಿಕೊಳ್ಳದೆ ಇದ್ದು ಇದ್ದು, ಅವರೆಲ್ಲ ಕೂಸುಗಳಾಗಿಬಿಟ್ಟಿದ್ದರು. ಕಪ್ಪು ಉಳಿದಿದ್ದದ್ದು ಎಲ್ಲೋ ಒಂದೊಂದು, ಅವರನ್ನು ಅಲ್ಲಿಯೇ ಪಕ್ಕಕ್ಕೆ ಎಳೆಯುತ್ತಿದ್ದರು. ನಾನು ನನ್ನ ಕೈಗವಸು ಬಿಚ್ಚಿ ನೋಡಿಕೊಂಡೆ. ಆಮೇಲೆ ಒಳಗೆ ಹೋಗಿ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು, ಹಿಟ್ಟು ನಾದುವ ಕೊಣಮಿಗೆ ಸೊಂಟಕ್ಕೆ ಏರಿಸಿ, ರೊಟ್ಟಿ ತಟ್ಟಲು ಯಾರದೋ ಮನೆಗೆ ಹೊರಟವಳ ಹಾಗೆ ಮೂಲೆ ದಾಟಿ, ಊರು ದಾಟಿ ಬಂದೆ.

ಈಗ ನಾನಿರುವ ಊರಿನಲ್ಲಿ ಯಾರ ಕೈಯೂ ಕಪ್ಪಾಗುವುದಿಲ್ಲ. ಇಲ್ಲಿನವರು ನನ್ನದನ್ನು ನೋಡಿ ಬಣ್ಣದ ಕೆಲಸ ಮಾಡುತ್ತಿದ್ದೆಯಾ ಅಂತ ಕೇಳುತ್ತಾರೆ, ಹೌದು ಅನ್ನುತ್ತೇನೆ. ಎರಡನೆಯ ದೊಡ್ಡ ಯುದ್ಧ ಶುರುವಾಗಿದೆ, ನಮ್ಮವರೂ ಸೇರಿದ್ದಾರಂತೆ, ಪತ್ರಿಕೆಯಲ್ಲಿ ರಾಚಪ್ಪ ಕೈ ಎತ್ತಿದ ಫೋಟೋ ಬಂದಿತ್ತು. ಕೈ ಚಾಚಿ ತಪ್ಪಾತು ಅನ್ನೋಣವೆಂದರೆ ಆಯಿ ಇಲ್ಲ, ತಮ್ಮ ಇಲ್ಲ. ಆದರೆ ಅವಳು ಹೇಳಿದ್ದೊಂದನ್ನು ಬಿಟ್ಟಿಲ್ಲ. ದಿನಾ ಬೆಳಗ್ಗೆ ಎದ್ದು, ಮುಖ ತೊಳೆಯುವ ಮೊದಲು, ಬಾಗಿಲ ಬೆಳಕಿಗೆ ಬಂದು ಅಂಗೈ ನೋಡಿಕೊಳ್ಳುತ್ತೇನೆ. ಬಿಡಿಸುವ ಮುಂಚೆ ಪ್ರತಿ ಸಲವೂ ಜೀವ ಢವಢವ ಅನ್ನುತ್ತದೆ, ಎಲ್ಲಿ ಬೆಳ್ಳಗಾಗಿಬಿಟ್ಟಿದೆಯೋ ಎಂದು. ಇವತ್ತೂ ನೋಡಿಕೊಂಡೆ. ಕಪ್ಪಗೇ ಇದೆ. ಸದ್ಯ.